ಹನ್ನೊಂದು ರೊಟ್ಟಿಗೆ ನಾನು ಬರೆದ ಕಾರಣ

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ನನಗೀಗ ಮೂವತ್ತೊಂದು. ಆದರೆ ಏಳು ವರ್ಷ ಮಾಡಿದ ಕೆಲಸದ ಕರಾರು ಮುಗಿದಿದೆ. ಆ ಕೆಲಸಕ್ಕೆ ಮತ್ತೆ ಹೋಗುವ ವಿಚಾರ ನನಗಿಲ್ಲ. ಏಕೆ ಎನ್ನುವುದು ನನ್ನ ಸ್ವಂತದ ವಿಷಯ. ನನ್ನ ಜಾಗಕ್ಕೆ ಬಂದ ಹುಡುಗಿ ಕಪಾಟಿನ ಕೀಲಿ ತೆಗೆದುಕೊಳ್ಳುವಾಗ, "ಮೊದಲ ಏನ್ ಮಾಡ್ಲಿ ಅಕ್ಕಾರ?" ಎಂದು ಕೇಳಿದಳು. ಫೈಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೇನೆ ಎಂದು ಹೇಳಿ ಬಂದುಬಿಟ್ಟೆ. ಅವಳು ಕೇಳಿದ್ದು ಅದನ್ನಲ್ಲ ಎಂದು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ತಿಳಿಯಿತು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಶಾಲೆ ಮತ್ತು ಹಾಸ್ಟೆಲುಗಳಿಗೆ ಹೋಗುವ ಆಪ್ತ ಸಮಾಲೋಚಕಿಯಾಗಿದ್ದೆ. ಮಗುವೊಂದು ಮಾತು ಬಿಟ್ಟರೆ, ಹೊಡೆದಾಡಿದರೆ, ಕದ್ದರೆ, ತರಗತಿಯಲ್ಲಿ ಕಾರಣವಿಲ್ಲದೆ ಅತ್ತರೆ ನಮ್ಮ ಸಂಸ್ಥೆಗೆ ಫೋನ್ ಬರುತ್ತಿತ್ತು. ಹೋಗಿ ಮಾತಾಡಿ ಒಂದು ಫಾರ್ಮ್ ತುಂಬುತ್ತಿದ್ದೆವು. ಫಾರ್ಮ್ ಮರಾಠಿಯಲ್ಲಿ, ಮಾತು ಹೆಚ್ಚಾಗಿ ಕನ್ನಡದಲ್ಲಿ. ಕೊನೆಗೆ 'ಗರಜ' ಎಂಬ ಕಲಂ ಇತ್ತು. ಈ ಮಗು ಹೀಗೆ ನಡೆದುಕೊಳ್ಳುವುದರ ಹಿಂದೆ ಯಾವ ಅಗತ್ಯವಿದೆ ಎಂದು ಅಲ್ಲಿ ಗುರುತು ಹಾಕಿ, ಎರಡು ಮೂರು ಸಾಲು ವಿವರಣೆ ಬರೆಯಬೇಕು. ಐದು ಚೌಕಗಳಿದ್ದವು: ಅನ್ನ-ನೀರು-ನಿದ್ದೆ, ಸುರಕ್ಷತೆ, ನಂಟು, ಮಾನ, ಬೆಳವಣಿಗೆ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ, ಹೊಟ್ಟೆ ತುಂಬದವರ ಮುಂದೆ ಮಾನದ ಪ್ರಶ್ನೆ ಎತ್ತಬೇಡಿ ಎಂದು ತರಬೇತಿಯಲ್ಲಿ ಕಲಿಸಿದ್ದರು.

ಆ ಕ್ರಮ ನನಗೆ ಹಿಡಿಸಿತ್ತು. ಮನುಷ್ಯರು ಏನೇ ಮಾಡಲಿ, ಅದರ ತಳದಲ್ಲಿ ಏನೋ ಒಂದು ಬೇಕಾಗಿರುತ್ತದೆ ಎಂಬ ಕುತೂಹಲದಿಂದಲೇ ನಾನು ಎಂ.ಎ.ಗೆ ಮನಶ್ಶಾಸ್ತ್ರ ತೆಗೆದುಕೊಂಡಿದ್ದೆ. ಎರಡನೆಯ ವರ್ಷ ಆ ಕಲಂನಲ್ಲಿ ನಾನು ಬರೆದ ಮೂರು ಸಾಲುಗಳಿಂದ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಊಟವನ್ನೇ ಬಿಡುವ ಹಂತಕ್ಕೆ ಬಂದಳು. ಮುಖ್ಯವಾಗಿ ಹೇಳಬೇಕಾದದ್ದು ಅದು. ಆದರೆ ಅಂಥ ಮೂರು ಸಾಲು ಬರೆಯುವ ಧೈರ್ಯ ಎಲ್ಲಿಂದ ಬಂತೆಂದು ಮೊದಲು ಹೇಳಬೇಕು.

ಮೊದಲ ವರ್ಷ ಬೆಳುಂಕಿಯ ಶಾಲೆಯಿಂದ ಕರೆ ಬಂದಿತ್ತು. ಆರನೆಯ ಇಯತ್ತೆಯ ಹುಡುಗಿ ಬೆಳಗಿನ ಎರಡನೆಯ ಪಿರಿಯಡ್ಡಿಗೆ ದಿನವೂ ನಿದ್ದೆ ಹೋಗುತ್ತಾಳೆ. ಮಾಸ್ತರರಿಗೆ ಅವಳು ಸೋಮಾರಿ, ಅವಳ ಅತ್ತೆಗೆ ಅದು ಯಾರದೋ ದೃಷ್ಟಿ. ನಾನು ಕೆಳಗಿನ ಚೌಕದಿಂದ ಶುರು ಮಾಡಿದೆ. ಬೆಳಗ್ಗೆ ಏನು ತಿಂದು ಬರುತ್ತೀ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಮನೆಯಲ್ಲಿ ಹಿಟ್ಟು ಇತ್ತು, ತಿನ್ನಿಸುವವರೂ ಇದ್ದರು. ಅವಳ ತೋಟದ ಮನೆಯಿಂದ ಶಾಲೆಯ ಜೀಪು ಹೊರಡುವ ವೇಳೆಗೆ ಒಲೆ ಹೊತ್ತಿರುತ್ತಿರಲಿಲ್ಲ, ಅಷ್ಟೇ. ಹಿಂದಿನ ಸಂಜೆಯ ರೊಟ್ಟಿಯನ್ನು ಚೀಲದಲ್ಲಿ ಹಾಕಿ ಕಳಿಸಿ ಎಂದು ಹೇಳಿದೆ. ವಾರದೊಳಗೆ ನಿದ್ದೆ ನಿಂತಿತು. ಮಾಸ್ತರರು ಹತ್ತು ಜನರ ಮುಂದೆ ನನ್ನನ್ನು ಹೊಗಳಿದರು. ಒಂದು ಪ್ರಕರಣ ಇಷ್ಟು ಸಲೀಸಾಗಿ ಬಿಡಿಸಿಕೊಂಡಾಗ ಅದರ ರುಚಿ ಹತ್ತುತ್ತದೆ.

ಇನ್ನೊಂದು, ಗುಡ್ಡಾಪುರದ ಹಾದಿಯಲ್ಲಿರುವ ಒಂದು ಶಾಲೆಯದು. ಅಲ್ಲಿಯ ಹೆಡ್‌ಮಾಸ್ತರರು ತಿಂಗಳಿಗೊಮ್ಮೆ ಫೋನ್ ಮಾಡಿ, "ಬಾಯಾರ, ಲಗೂನ ಬರ್ರಿ, ಅರ್ಜೆಂಟ ಕೇಸ ಐತಿ" ಎನ್ನುತ್ತಿದ್ದರು. ಹೋದರೆ, ಒಂದು ವಾರದಿಂದ ಮಾತು ಬಿಟ್ಟಿದ್ದಾರೆಂದು ಹೇಳಿದ ಹುಡುಗಿಯರಿಬ್ಬರು ಒಂದೇ ಪೇರಲಹಣ್ಣನ್ನು ಕಚ್ಚಿ ಕಚ್ಚಿ ಹಂಚಿಕೊಳ್ಳುತ್ತಿರುತ್ತಿದ್ದರು. ಮೂರನೆಯ ಸಲ ನಾನು ಬಸ್ಸಿನಿಂದ ಇಳಿಯುವುದು ಕಂಡ ಕೂಡಲೇ ಹೆಡ್‌ಮಾಸ್ತರರು ಸ್ಟೋವಿನ ಮೇಲೆ ಚಹಾ ಇಟ್ಟರು. ಒಂದೂವರೆ ತಾಸು ತಮ್ಮ ಹಳೆಯ ವರ್ಗಾವಣೆಗಳ ಕಥೆ ಹೇಳಿದರು. ಆಫೀಸಿಗೆ ಬಂದು ನನ್ನ ಮೇಲಧಿಕಾರಿ ವಿದ್ಯಾತಾಯಿಯವರಿಗೆ ಹೇಳಿದೆ. ಅವರು ಮಿರಜ ಕಡೆಯವರು, ಮರಾಠಿ ಮನೆಮಾತಿನವರು. ಕನ್ನಡವನ್ನು ಜತ್ತದ ಸಂತೆಯಲ್ಲಿ ಕಲಿತವರು.

"ಅಗ ಹುಡುಗಿ, ಕೇಸ ಯಾರದು ತಿಳೀತಾ?" ಎಂದು ಕೇಳಿದರು.

"ಹೆಡ್‌ಮಾಸ್ತರದ ಅನಸ್ತದರಿ."

"ತಿಂಗಳಿಗೊಮ್ಮೆ ಹೋಗು, ಚಹಾ ಕುಡಿ, ಬಾ. ಫಾರ್ಮ ಮಾತ್ರ ತುಂಬಬ್ಯಾಡ."

ಆ ಹೆಡ್‌ಮಾಸ್ತರರು ನಿವೃತ್ತರಾಗುವವರೆಗೆ ನಾನು ಹೋಗುತ್ತಿದ್ದೆ. ಅಂಥ ಭೇಟಿಗಳಿಗೆ ನಮ್ಮಲ್ಲಿ ಫೈಲು ಇರಲಿಲ್ಲ.

ಈಗ ಹಾಸ್ಟೆಲಿನ ವಿಷಯ. ಜತ್ತದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಇರುವ ಒಂದು ಸಣ್ಣ ಹಾಸ್ಟೆಲ್ ಅದು. ಮೇಲ್ವಿಚಾರಕಿ ಸುಮಿತ್ರಾಬಾಯಿ ನನ್ನನ್ನು ಒಂದು ಖೋಲಿಗೆ ಕರೆದುಕೊಂಡು ಹೋಗಿ, ಟ್ರಂಕೊಂದರ ಮುಚ್ಚಳ ತೆಗೆದು ತೋರಿಸಿದರು. ಹಳೆಯ ಪಂಜೆಯಲ್ಲಿ ಸುತ್ತಿಟ್ಟ ಜೋಳದ ರೊಟ್ಟಿಗಳು. ಎಣಿಸಿದೆ, ಹನ್ನೊಂದು. ಒಣಗಿ ಹಪ್ಪಳದಂತಾಗಿದ್ದವು. ಜೊತೆಗೆ ಬೆಲ್ಲದ ಚೂರುಗಳು. ಬೆಲ್ಲಕ್ಕೆ ಇರುವೆ ಬಂದು, ಪಕ್ಕದ ಹಾಸಿಗೆಯ ಪೂಜಾ ಎಂಬ ಹುಡುಗಿಯ ಕುತ್ತಿಗೆಯೆಲ್ಲ ಕಚ್ಚಿದ್ದವು.

"ಮೂರನೇ ಸಲ ಇದು," ಎಂದರು ಸುಮಿತ್ರಾಬಾಯಿ. "ಕದ್ದು ಕದ್ದು ಇಡತಾಳ. ಪೂಜಾನ ಅವ್ವ ಬರದ ಕೊಟ್ಟ ಹೋಗ್ಯಾಳ, ಒಂದ ಅಕಿ ಇರಬೇಕು, ಇಲ್ಲಾ ನನ್ನ ಮಗಳು ಅಂತ. ಬರೂ ತಿಂಗಳ ಕಮಿಟಿ ಕೂಡತೈತಿ. ಮನಿಗಿ ಕಳಸೂದ ಮತ್ತ."

ಟ್ರಂಕು ಒಂಬತ್ತನೆಯ ಇಯತ್ತೆಯ ಮಾಯವ್ವನದು. ಕುರಿ ಸಾಕುವ ಮನೆತನದ ಹುಡುಗಿ. ಅವಳನ್ನು ಮನೆಗೆ ಕಳಿಸುವುದೆಂದರೆ ಎಲ್ಲಿಗೆ ಎಂದು ನಾನು ಕೇಳಿದೆ. ಅಪ್ಪ ಅವ್ವ ಕುರಿ ಹಿಂಡಿನ ಜೊತೆ ವರ್ಷದ ಎಂಟು ತಿಂಗಳು ಊರೂರು ತಿರುಗುವವರು. ಬೆಳುಂಕಿಯಲ್ಲಿ ಮುದುಕಿ ಆಯಿ, ಅಂದರೆ ಅಜ್ಜಿ, ಒಬ್ಬಳೇ ಇದ್ದಳು; ಅಲ್ಲಿಯ ಶಾಲೆ ಏಳನೆಯ ಇಯತ್ತೆಗೇ ಮುಗಿಯುತ್ತಿತ್ತು. ಹಾಸ್ಟೆಲ್ ತಪ್ಪಿದರೆ ಮಾಯವ್ವ ಹಿಂಡಿನ ಹಿಂದೆ ನಡೆಯಬೇಕು. ಹಿಂಡು ಇಂದು ಇರುವ ಊರಿನಲ್ಲಿ ನಾಳೆ ಇರುವುದಿಲ್ಲ, ಹತ್ತನೆಯ ಪರೀಕ್ಷೆಯ ಮಾತು ಅಲ್ಲಿಗೇ ಮುಗಿಯಿತು.

ಮಾಯವ್ವನನ್ನು ಕೂರಿಸಿಕೊಂಡು ಮಾತಾಡಿದೆ. ಅವಳ ಉತ್ತರಗಳು ನನ್ನ ಪ್ರಶ್ನೆಗಳಿಗಿಂತ ಗಿಡ್ಡವಾಗಿದ್ದವು.

"ಇಲ್ಲಿ ಊಟ ಸಾಲತೈತೇನು?"

"ಹೂಂರಿ."

"ಮಧ್ಯಾಹ್ನ ಹಸಿವಾಗತೈತೇನು?"

"ಇಲ್ರಿ."

"ಮತ್ತ ರೊಟ್ಟಿ ಯಾಕ ಇಟ್ಟಿ?"

ಅವಳು ಕಾಲ ಹೆಬ್ಬೆರಳಿನಿಂದ ನೆಲದ ಫರಸಿಕಲ್ಲಿನ ಸಂದನ್ನು ಕೆರೆಯತೊಡಗಿದಳು. ಹಸಿವನ್ನು ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ನಾನು ತೀರ್ಮಾನಿಸಿದೆ. ಕೆಳಗಿನ ಚೌಕಕ್ಕೆ ಗುರುತು ಹಾಕಿ ಬರೆದೆ: 'ತಿರುಗಾಟದ ಬದುಕಿನಲ್ಲಿ ಆಹಾರದ ಅನಿಶ್ಚಿತತೆ ಅನುಭವಿಸಿದ ಮಗು. ಹಸಿವಿನ ಭಯದಿಂದ ಸಂಗ್ರಹಿಸುತ್ತಾಳೆ. ದಿನಕ್ಕೆ ಒಂದು ರೊಟ್ಟಿ ಹೆಚ್ಚು ಕೊಡುವುದು.' ಇದನ್ನು ಓದಿದರೆ ಕಮಿಟಿ ಕರುಣೆ ತೋರಿಸುತ್ತದೆ ಎಂದೂ ಅಂದುಕೊಂಡೆ. ಚೆನ್ನಾಗಿ ಬರೆದಿದ್ದೇನೆಂದು ಸಮಾಧಾನವಾಗಿತ್ತು.

ನಾಲ್ಕನೆಯ ದಿನ ಸುಮಿತ್ರಾಬಾಯಿಯವರ ಫೋನ್ ಬಂತು. "ನೀವ ಬರದ ಹೋದ ಮ್ಯಾಲ ಅಕಿ ಊಟಾನ ಬಿಟ್ಟಾಳ ನೋಡ್ರಿ."

ಆದದ್ದು ಇಷ್ಟು. ಮಾಯವ್ವನ ತಾಟಿಗೆ ಮೂರರ ಬದಲು ನಾಲ್ಕು ರೊಟ್ಟಿ ಬೀಳತೊಡಗಿತ್ತು. ಏಕೆಂದು ಸಾಲಿನಲ್ಲಿದ್ದವರಿಗೆಲ್ಲ ತಿಳಿಯಿತು. "ಹಸಿದಾಕಿ ಬಂದ್ಳು, ಸರೀರ್ರೆ" ಎಂದು ಯಾರೋ ಅಂದರು, ಉಳಿದವರು ನಕ್ಕರು. ಮಾಯವ್ವ ಮರುದಿನ ಎರಡು ರೊಟ್ಟಿ ತಿಂದಳು, ಅದರ ಮರುದಿನ ಒಂದು. ತನಗೆ ಹಸಿವಿಲ್ಲ ಎಂದು ನಲವತ್ತು ಹುಡುಗಿಯರ ಮುಂದೆ ಊಟ ಬಿಟ್ಟು ತೋರಿಸುತ್ತಿದ್ದಳು. ನನ್ನ ಐದು ಚೌಕಗಳಲ್ಲಿ ಮಾನ ನಾಲ್ಕನೆಯದು, ಅನ್ನ ಮೊದಲನೆಯದು. ಹದಿನಾಲ್ಕು ವರ್ಷದ ಹುಡುಗಿ ಆ ಕ್ರಮವನ್ನು ಅನ್ನದ ತಾಟಿನ ಮುಂದೆ ಕೂತೇ ತಲೆಕೆಳಗು ಮಾಡಿದ್ದಳು.

ವಿದ್ಯಾತಾಯಿ ನನ್ನ ಫಾರ್ಮನ್ನು ತರಿಸಿ ಓದಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಹನ್ನೊಂದು ಭಾಕರಿ ಇದ್ದವು. ಯಾವುದಾದ್ರೂ ಮುರಿದಿತ್ತಾ?"

ನೆನಪಿಸಿಕೊಂಡೆ. "ಇಲ್ಲ, ಎಲ್ಲಾ ಇಡೀವು."

"ಬೆಲ್ಲ?"

"ಅದೂ ಹಂಗ ಇತ್ತು."

"ಹಸಿದಾಕಿ ಹನ್ನೊಂದು ಆಗೂತನಕಾ ಕಾಯತಾಳೇನ ಅಗ? ಒಂದಾದ್ರೂ ತಿಂತಾಳ ಕೀ ನಾಹೀ, ತಿಂತಾಳೋ ಇಲ್ಲೋ?" ಫಾರ್ಮನ್ನು ನನ್ನ ಕಡೆ ಸರಿಸಿದರು. "ಯಾವ ದಿವಸದಿಂದ ಇಟ್ಳು, ಯಾರ ಮುಂದ ಇಟ್ಳು, ಯಾರನ್ನ ಕೇಳಿದಿ? ನೀ ಅಡಿಗಿ ಮಾಡೂ ಬಾಯೀನ ಭೇಟಿ ಆದ್ಯಾ?"

ಆಗಿರಲಿಲ್ಲ. ರೊಟ್ಟಿಯ ಪ್ರಕರಣದಲ್ಲಿ ರೊಟ್ಟಿ ಮಾಡುವವಳನ್ನು ನಾನು ಮಾತಾಡಿಸಿಯೇ ಇರಲಿಲ್ಲ.

ಅಡಿಗೆಯ ಗಂಗವ್ವ ನನ್ನನ್ನು ಕಂಡೊಡನೆ ಹಂಚಿನ ಕಡೆ ತಿರುಗಿ ಕೂತಳು. "ಬರ್ರಿ, ಕುಂದ್ರಿ. ನನ್ನ ಕೈಯಾಗಿನ ಅನ್ನ ಸಾಲಂಗಿಲ್ಲಂತ ಸರಕಾರಕ್ಕ ಬರದೀರಂತಲ್ಲ."

"ಸರಕಾರಕ್ಕಲ್ಲ ಗಂಗವ್ವ. ತಪ್ಪ ಬರದೇನಿ. ಅದನ್ನ ಹೇಳಾಕ ಬಂದೇನಿ."

"ತಪ್ಪ ಅಂತ ಬಾಯಿಲೆ ಅಂದ್ರ ಆತೇನ್ರಿ? ಹಿಟ್ಟ ಐತಿ, ಎರಡ ರೊಟ್ಟಿ ಬಡೀರಿ."

ನಾನು ಜತ್ತದ ಪೇಟೆಯಲ್ಲಿ ಬೆಳೆದವಳು. ಪರೀಕ್ಷೆ ಪರೀಕ್ಷೆ ಎಂದು ಅವ್ವ ನನ್ನನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ನನ್ನ ರೊಟ್ಟಿ ಕೈಯಿಂದ ಹಂಚಿಗೆ ಹೋಗುವಷ್ಟರಲ್ಲಿ ಎರಡಾಯಿತು. ಗಂಗವ್ವ ಕಣ್ಣೊರೆಸಿಕೊಂಡು ನಕ್ಕಳು. "ಅಯ್ಯ ಶಿವನ! ಇಷ್ಟ ಓದಿ ಇಷ್ಟ ಬಂತೇನ್ರಿ?" ಆ ನಗು ಮುಗಿದ ಮೇಲೆ ಮಾತಿಗೆ ದಾರಿಯಾಯಿತು.

"ಆ ಹುಡಿಗಿ ಕದ್ದಿಲ್ರಿ," ಎಂದಳು. "ನಾ ಎಣಿಸಿ ಮಾಡತೇನಿ, ಎಣಿಸಿ ನೀಡತೇನಿ. ಒಂದೂ ಕಡಿಮಿ ಬಂದಿಲ್ಲ. ತನ್ನ ಮೂರರಾಗ ಎರಡ ತಿಂದು ಒಂದ ಎತ್ತಿ ಇಡತಾಳ. ಸಂಜೀಕ ಕೊಡೂ ಶೇಂಗಾ-ಬೆಲ್ಲದಾಗ ಶೇಂಗಾ ತಿಂತಾಳ, ಬೆಲ್ಲ ಇಡತಾಳ. ಒಲಿ ಆರಿದ ಮ್ಯಾಲ ಬಂದು ಬಿಸಿ ಹಂಚಿನ ಮ್ಯಾಲ ರೊಟ್ಟಿ ಒಣಗಿಸಿಕೊಂಡ ಹೋಗತಾಳ."

"ಯಾರಿಗಂತ ಕೇಳೀಯೇನು?"

"ನಾ ಯಾಕ ಕೇಳ್ಲಿ? ಅಕಿ ಪಾಲು, ಅಕಿ ಇಷ್ಟ. ಸಂತಿ ದಿನ ಬಂದ ನೋಡ್ರಿ."

ಸಂತೆಯ ದಿನ ಹಾಸ್ಟೆಲಿನ ಪಡಸಾಲೆಗೆ ಹಳ್ಳಿಯಿಂದ ಬಂದ ತಾಯಂದಿರು ಬಂದು ಕೂರುತ್ತಿದ್ದರು. ನಾನು ಭೇಟಿಯ ರಜಿಸ್ಟರ್ ಹಿಡಿದು ಮೂಲೆಯಲ್ಲಿ ಕೂತೆ. ಎರಡು ಸಂತೆ ಬಿಟ್ಟು ಮೂರನೆಯ ಸಂತೆಗೆ ಮಾಯವ್ವನ ಆಯಿ ಬರುವಳೆಂದು ರಜಿಸ್ಟರಿನಲ್ಲೇ ಇತ್ತು. ನಾನು ಟ್ರಂಕು ನೋಡಿದ ದಿನ ಹಿಂದಿನ ಭೇಟಿಯಿಂದ ಹನ್ನೊಂದನೆಯ ದಿನ. ದಿನಕ್ಕೊಂದು ರೊಟ್ಟಿ. ಲೆಕ್ಕ ನನ್ನ ಕೈಯಲ್ಲೇ ಇತ್ತು, ನೋಡಿರಲಿಲ್ಲ.

ಆಯಿ ಬಂದಳು. ಮೆಟ್ಟಿಲ ಮೇಲೆ ಕೂತು, ಉಡಿ ಬಿಚ್ಚಿ ಹುರಿದ ಶೇಂಗಾ ಕೊಟ್ಟಳು. ಮಾಯವ್ವ ನೀರು ತಂದಳು. ಆಯಿ ನೀರು ಕುಡಿದು, ಮೊಣಕಾಲಿಗೆ ಕೈಯೂರಿ ಎದ್ದಳು.

"ತಡಿ ಆಯಿ, ಇನ್ನೊಂದೀಟ ಕುಂದ್ರು."

"ಜೀಪ ಹೋಗತೈತಿ ತಂಗಿ."

"ಮುಂದಿನ ಜೀಪಿಗಿ ಹೋಗಂತಿ."

ಎರಡು ಜೀಪು ಹೋದವು. ಮಾಯವ್ವ ಒಳಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಟ್ರಂಕಿಗೆ ಸುಮಿತ್ರಾಬಾಯಿ ತಮ್ಮ ಬೀಗ ಹಾಕಿದ್ದರು. ಅವಳ ಕೈಯಲ್ಲಿ ಏನೂ ಇರಲಿಲ್ಲ, ಆಯಿಯನ್ನು ಹೋಗಗೊಡಲೂ ಅವಳಿಂದ ಆಗುತ್ತಿರಲಿಲ್ಲ. ನನಗೆ ಆಗ ಅರ್ಧ ತಿಳಿಯಿತು. ಅರ್ಧ ತಿಳಿದವರು ಮಾಡುವ ಕೆಲಸವನ್ನೇ ಮಾಡಿದೆ: ಅಡಿಗೆಮನೆಗೆ ಹೋಗಿ ಗಂಗವ್ವನಿಂದ ನಾಲ್ಕು ರೊಟ್ಟಿ ಇಸಿದುಕೊಂಡು ಬಂದು ಆಯಿಯ ಮುಂದೆ ಹಿಡಿದೆ.

ಆಯಿ ಮುಟ್ಟಲಿಲ್ಲ. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ನೀ ಯಾಕ ಕೊಡತೀಯವ್ವಾ? ನಾ ನಿನ್ನ ಮನಿಗಿ ಬಂದೇನೇನು?"

ಮಾಯವ್ವ ಮುಖ ಗೋಡೆಗೆ ತಿರುಗಿಸಿದಳು. ಏನು ಮಾಡಬೇಕೆಂದು ತೋಚದೆ ನಾನು ಆಯಿಯ ಪಕ್ಕ ಮೆಟ್ಟಿಲ ಮೇಲೆ ಕೂತೆ. ತಪ್ಪಾಯಿತು, ತಿಳಿಸಿ ಹೇಳು ಎಂದೆ. ಆಯಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಇಷ್ಟೂ ಗೊತ್ತಿಲ್ಲವೇ ಎಂಬ ಆಶ್ಚರ್ಯವಿತ್ತು.

"ನಮ್ಮ ಹಟ್ಟಿ ಅಡವ್ಯಾಗ ಇರತೈತಿ. ದಾರೀಲೆ ಹೋಗಾಂವ ಬಂದ್ರೂ ಬರಿಗೈಲೆ ಕಳಸೂದಿಲ್ಲ. ಹಾಲಿದ್ರ ಹಾಲು, ಇಲ್ದಿದ್ರ ಒಂದ ರೊಟ್ಟಿ, ಒಂದ ಚೂರ ಬೆಲ್ಲ. ಇದ್ದದ್ದನ್ನ ಕಟ್ಟಿ ಕೈಯಾಗ ಕೊಡೂದು ಇಕಿ ಕೆಲಸಾನ. ಇಕಿ ಇಷ್ಟ ಇದ್ದಾಗಿಂದ." ಮೆಟ್ಟಿಲಿನಿಂದ ಒಂದು ಗೇಣು ಮೇಲೆ ಕೈ ಹಿಡಿದು ತೋರಿಸಿದಳು. "ಇಲ್ಲಿಗಿ ಬಂದ ಮ್ಯಾಲ ಇದ ಇಕಿ ಹಟ್ಟಿ ಆತಲ್ಲ. ನಾ ಬಂದಾಕಿ."

ಕುರಿಗಾರರ ಹುಡುಗಿಗೆ ಆಹಾರದ ಅಭಾವ ಎಂದು ನಾನು ಬರೆದಿದ್ದೆ. ಅವಳಿಗೆ ಇಲ್ಲಿ ಇಲ್ಲದೆ ಹೋಗಿದ್ದದ್ದು ಕೊಡುವ ಕೈ. ನಲವತ್ತು ಹುಡುಗಿಯರ ಸಾಲಿನಲ್ಲಿ ನಿಂತು ತಾಟು ಚಾಚುವುದಷ್ಟೇ ಅವಳಿಗೆ ಉಳಿದಿತ್ತು. ಅದಕ್ಕೆ ನಾನು ಇನ್ನೊಂದು ರೊಟ್ಟಿ ಸೇರಿಸಿದ್ದೆ.

ಕಮಿಟಿ ಕೂಡಿದ ದಿನ ನನ್ನ ಹೊಸ ಟಿಪ್ಪಣಿ ಓದಿದೆ. ಅದರಲ್ಲಿ ಕಾರಣ ಬರೆದಿರಲಿಲ್ಲ. ಯಾವ ದಿನ ಏನಾಯಿತು ಎಂಬುದಷ್ಟೇ ಇತ್ತು. ಮೊದಲಿನ ಟಿಪ್ಪಣಿ ತಪ್ಪು ಎಂದು ಎದ್ದು ನಿಂತು ಹೇಳಿದೆ. ಮಂದಿಯ ಮುಂದೆ ಮಾತಾಡುವುದು ನನಗೆ ಇಂದಿಗೂ ಕಷ್ಟ. ಅಧ್ಯಕ್ಷರು ವಯಸ್ಸಾದವರು. ಮಾಯವ್ವನನ್ನು ಕರೆಸಿ ನೇರವಾಗಿ ಕೇಳಿದರು.

"ಇನ್ನ ಮ್ಯಾಲ ಖೋಲ್ಯಾಗ ರೊಟ್ಟಿ ಇಡತೀಯೇನು?"

ಇಲ್ಲ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಡತೇನ್ರಿ," ಎಂದಳು ಮಾಯವ್ವ. "ಆಯಿ ಬಂದ್ರ ಏನ ಕೊಡ್ಲಿ?"

ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಗಂಗವ್ವ ತಟ್ಟೆ ಕೆಳಗಿಡದೆ ಹೇಳಿದಳು: "ಸಂತಿ ದಿನ ಮುಂಜಾನೆ ನನ್ನ ಒಲಿ ಮುಂದ ಅಕಿನ ಎರಡ ಬಡೀಲಿ ಬಿಡ್ರಿ. ಹಿಟ್ಟ ಅಕಿ ಪಾಲಿನದ. ಖೋಲ್ಯಾಗ ಇಡೂದೂ ಬ್ಯಾಡ, ಇರಬಿ ಬರೂದೂ ಬ್ಯಾಡ."

ಸುಮಿತ್ರಾಬಾಯಿ ನಿಯಮದ ಪುಸ್ತಕ ತಿರುವಿದರು. ಒಲೆಯ ಮುಂದೆ ರೊಟ್ಟಿ ಬಡಿಯಬಾರದೆಂದು ಅದರಲ್ಲಿ ಇರಲಿಲ್ಲ. ಅಧ್ಯಕ್ಷರು ಒಪ್ಪಿದರು. ಆದರೆ ಒಂದು ಷರತ್ತು: ದೂರು ಕೊಟ್ಟವರು, ಅಂದರೆ ಪೂಜಾಳ ತಾಯಿ ಸವಿತಾಬಾಯಿ, ಬಂದು ದೂರನ್ನು ಹಿಂತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮಾಯವ್ವ ಹೊರಡಬೇಕು.

ಹೊಸದಾಗಿ ಬಂದವಳಿಗೆ ಇಲ್ಲಿ ಒಂದು ಮಾತು. ಈಗ ಕಾಗದದ ಫಾರ್ಮ್ ಇಲ್ಲ, ಮೊಬೈಲಿನಲ್ಲಿ ತುಂಬಬೇಕು. 'ಗರಜ' ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಅದಕ್ಕಾಗಿ ಅವಸರ ಮಾಡಬೇಡ. ಭೇಟಿಯ ದಿನವೇ ಫಾರ್ಮ್ ಮುಗಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ, ಇದೆ ಎಂದು ನಾನೂ ಬಹಳ ದಿನ ನಂಬಿದ್ದೆ. ಎಷ್ಟು, ಯಾವಾಗ, ಯಾರ ಮುಂದೆ ಎಂದು ಒಂದು ವಹಿಯಲ್ಲಿ ಬರೆದಿಟ್ಟುಕೋ. ಅಡಿಗೆಯವರನ್ನು ಮೊದಲು ಕಾಣು. ಒಬ್ಬರಿಗೆ ಏನು ಇಲ್ಲ ಎಂದು ಹುಡುಕುವ ಮೊದಲು, ಅವರು ಇದುವರೆಗೆ ಯಾರಿಗೆ ಏನು ಕೊಡುತ್ತಿದ್ದರು ಎಂದು ಕೇಳು. ಈ ಪ್ರಶ್ನೆ ಯಾವ ಫಾರ್ಮಿನಲ್ಲೂ ಇಲ್ಲ. ನಾನು ಆಮೇಲೆ ಐದು ವರ್ಷ ಎಲ್ಲರನ್ನೂ ಕೇಳಿದೆ. ತಾಸುಗಟ್ಟಲೆ ಬಾಯಿ ಬಿಡದವರು ಇದಕ್ಕೆ ಬಾಯಿ ಬಿಟ್ಟಿದ್ದಾರೆ.

ಆಯಿ ಬರಬೇಕಾದ ಮುಂದಿನ ಸಂತೆಯ ದಿನ ಬಂತು. ಮಾಯವ್ವ ಬೆಳಗ್ಗೆ ಎರಡು ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ ಬಟ್ಟೆಯಲ್ಲಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಮಧ್ಯಾಹ್ನ ಬೆಳುಂಕಿಯ ಜೀಪಿನವನು ಬಂದು, ಆಯಿಗೆ ಜ್ವರ, ಈ ಸಲ ಬರುವುದಿಲ್ಲ ಎಂದು ಹೇಳಿ ಹೋದ. ಮಾಯವ್ವ ಕೂತಲ್ಲೇ ಇದ್ದಳು.

ಬಂದವರು ಸವಿತಾಬಾಯಿ. ಗಟ್ಟಿ ಹೆಜ್ಜೆಯ ಹೆಂಗಸು. ಮೆಟ್ಟಿಲೇರುತ್ತಲೇ ಎಲ್ಲರಿಗೂ ಕೇಳುವಂತೆ, "ಸಹಿ ಮಾಡಾಕ ಬಂದಿಲ್ಲ ನಾ. ಮಗಳ ಗಂಟ ಕಟ್ಟಾಕ ಬಂದೇನಿ" ಎಂದರು. ಸುಮಿತ್ರಾಬಾಯಿ ಕಾಗದ ಹಿಡಿದು ಹೊರಗೆ ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಯವ್ವ ಎದ್ದು, ಬಟ್ಟೆಯ ಗಂಟನ್ನು ಸವಿತಾಬಾಯಿಯ ಕೈಯಲ್ಲಿ ಇಟ್ಟಳು.

"ಆಯಿ ಬರಲಿಲ್ರಿ. ನೀವ ತಗೊಂಡ ಹೋಗ್ರಿ."

ಯಾರು ಕೊಡುತ್ತಿರುವುದೆಂದು ಸವಿತಾಬಾಯಿಗೆ ಗೊತ್ತಿತ್ತು. ತಾನು ಏನು ಬರೆದುಕೊಟ್ಟಿದ್ದೇನೆಂದು ಈ ಹುಡುಗಿಗೆ ಗೊತ್ತಿದೆ ಎಂಬುದೂ ಗೊತ್ತಿತ್ತು.

"ನನಗ್ಯಾಕ?"

"ಬಂದೀರಲ್ರಿ."

ಸವಿತಾಬಾಯಿ ನನ್ನ ಕಡೆ ನೋಡಿದರು. ನಾನು ರಜಿಸ್ಟರ್ ನೋಡಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಗಂಟು ಬಿಚ್ಚಿ ರೊಟ್ಟಿಯನ್ನು ತಿರುಗಿಸಿ ನೋಡಿದರು.

"ನೀನ ಬಡದೀಯೇನು?"

"ಹೂಂರಿ."

"ಅಂಚೆಲ್ಲಾ ಸೀಳ್ಯಾವಲ್ಲ."

"ಹಿಟ್ಟ ಹಳೇದಿತ್ರಿ."

"ಹಿಟ್ಟಿನ ಮ್ಯಾಲ ಹಾಕಬ್ಯಾಡ. ನೀರ ಪೂರಾ ಕುದಿಯೂ ಮೊದಲ ತಗದೀ." ಅವರು ಒಂದು ಚೂರು ಮುರಿದು ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡರು, ನಿಧಾನವಾಗಿ ಅಗಿದರು, ಉಳಿದದ್ದನ್ನು ಮೊದಲಿದ್ದ ಹಾಗೆಯೇ ಕಟ್ಟಿ ಸೆರಗಿನಲ್ಲಿ ಇಟ್ಟುಕೊಂಡರು. ಆಮೇಲೆ ಸುಮಿತ್ರಾಬಾಯಿಯ ಕಡೆ ಕೈ ಚಾಚಿ ಪೆನ್ನು ಕೇಳಿದರು.

"ಮುಂದಿನ ಸಂತಿಗಿ ಜರಾ ಲಗೂನ ಬರತೇನಿ," ಎಂದರು ಮಾಯವ್ವನಿಗೆ. "ನೀರ ಎಷ್ಟ ಕುದೀಬೇಕ ಅಂತ ತೋರಸತೇನಿ."